ನಾಲ್ಕು ಟೈರು, ಹದಿನಾರು ರೂಟು

ನನ್ನ ಅತ್ತೆ ಯಾರ ಮನೆಗೆ ಹೋದರೂ ಮೊದಲು ಮನುಷ್ಯರನ್ನು ಮಾತಾಡಿಸುವುದಿಲ್ಲ. ಬಾಗಿಲ ಮುಂದೆ ನಿಂತಿರುವ ಗಾಡಿಯ ಟೈರಿಗೆ ಒಂದು ಒದೆ ಕೊಟ್ಟು, ತಲೆ ವಾರೆ ಮಾಡಿ ಸದ್ದು ಕೇಳಿ, ಆಮೇಲೆ ಒಳಗೆ ಬರುತ್ತಾರೆ. ನಾನು ಮೊದಲ ಸಲ ಅವರ ಮನೆಗೆ ಹೋದದ್ದು ಅವರ ಮಗಳನ್ನು ಮದುವೆಯಾಗುತ್ತೇನೆ ಎಂದು ಕೇಳುವುದಕ್ಕೆ. ನಾಲ್ಕು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ. ಅತ್ತೆ ಬಾಗಿಲು ತೆಗೆದವರೇ ನನ್ನನ್ನು ದಾಟಿ ಹೋಗಿ, ನನ್ನ ಸ್ಕೂಟರಿನ ಹಿಂದಿನ ಚಕ್ರಕ್ಕೆ ಒದ್ದು, "ಗಾಳಿ ಕಮ್ಮಿ ಇದೆ" ಎಂದರು. ಅದು ಒಪ್ಪಿಗೆಯೋ ಅಲ್ಲವೋ ಎಂದು ಇವತ್ತಿಗೂ ಗೊತ್ತಾಗಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ಇನ್ನು ಕೇಳಿ ಏನು ಪ್ರಯೋಜನ.

ಅತ್ತೆ ಮೂವತ್ತೊಂದು ವರ್ಷ ಬಸ್ ಡಿಪೋದ ಟೈರು ವಿಭಾಗದಲ್ಲಿ ಇದ್ದವರು. ಬೆಳಗ್ಗೆ ಬಸ್ಸು ಹೊರಡುವ ಮುಂಚೆ ಅದರ ಆರೂ ಟೈರಿಗೆ ಸುತ್ತಿಗೆಯಿಂದ ಒಂದೊಂದು ಏಟು ಹಾಕಿ, ಸದ್ದು ಕೇಳಿ, "ಹೋಗಲಿ" ಅಥವಾ "ನಿಲ್ಲಲಿ" ಎನ್ನುವುದು ಅವರ ಕೆಲಸ. ಕೇಳುವುದಕ್ಕೆ ಸುಲಭ. ಆದರೆ ಬಸ್ಸಿನ ಹಿಂದೆ ಒಂದೊಂದು ಪಕ್ಕಕ್ಕೂ ಎರಡೆರಡು ಚಕ್ರ ಜೋಡಿಯಾಗಿರುತ್ತವೆ. ಒಳಗಿನದರ ಗಾಳಿ ಹೋದರೂ ಹೊರಗಿನದು ಭಾರ ಹೊತ್ತುಕೊಂಡು ನಿಂತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಕಿವಿಗೇ ಗೊತ್ತಾಗಬೇಕು. ಒಮ್ಮೆ ಇವರು "ಎಡಗಡೆ ಒಳಗಿನದು ಸತ್ತಿದೆ, ನಿಲ್ಲಲಿ" ಎಂದರಂತೆ. ಮ್ಯಾನೇಜರು "ಹೊತ್ತಾಯ್ತು, ಕಳಿಸಿ" ಎಂದು ಹಟ ಹಿಡಿದು ಕಳಿಸಿದ. ಅರ್ಧ ಗಂಟೆಯಲ್ಲಿ ಆ ಬಸ್ಸು ನಾಲ್ಕನೇ ಕ್ರಾಸಿನಲ್ಲಿ ವಾಲಿಕೊಂಡು ನಿಂತಿತು. ಅವತ್ತಿನಿಂದ ಡಿಪೋದಲ್ಲಿ ಅವರಿಗೆ ಸುತ್ತಿಗೆ ಮೇಡಂ ಎಂದೇ ಹೆಸರು, ಮ್ಯಾನೇಜರು ಅವರೆದುರು ಬಾಯಿ ಬಿಡುವುದನ್ನೇ ಬಿಟ್ಟ.

ಇಷ್ಟೆಲ್ಲ ಬಸ್ಸುಗಳನ್ನು ಕಳಿಸಿದ ಹೆಂಗಸು ತಾನು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಡಿಪೋದಿಂದ ಮನೆ, ಮನೆಯಿಂದ ಡಿಪೋ. ನಲವತ್ತಮೂರು ರೂಟುಗಳ ಬೋರ್ಡು ಓದುತ್ತಾ ಓದುತ್ತಾ ಆ ಊರುಗಳೆಲ್ಲ ಬಾಯಿಪಾಠವಾಗಿದ್ದವು, ಒಂದನ್ನೂ ನೋಡಿರಲಿಲ್ಲ. ನಿವೃತ್ತಿಯಾದ ವಾರದಲ್ಲೇ ಡ್ರೈವಿಂಗ್ ಕಲಿಯಲು ಸೇರಿದರು. ಪರೀಕ್ಷೆಯಲ್ಲಿ ಮೂರು ಸಲ ಫೇಲು. ಮೂರನೆಯದಂತೂ ನಡುವೆ ಗಾಡಿ ನಿಲ್ಲಿಸಿ, ಪರೀಕ್ಷೆ ಮಾಡುವವನನ್ನು ಒಳಗೇ ಕೂರಿಸಿ, ಇಳಿದು ಹೋಗಿ ಟೈರು ಒದ್ದು ಬಂದದ್ದಕ್ಕೆ. ನಾಲ್ಕನೇ ಸಲ ಅವನು ಕೈಮುಗಿದು ಲೈಸೆನ್ಸು ಕೊಟ್ಟ.

ಆಮೇಲೆ ಯಾರೋ ಡಾಕ್ಟರು ಓಡಿಸಿ ಬೇಸತ್ತಿದ್ದ ಒಂದು ದೊಡ್ಡ ಹಳೆಯ ಕಾರು ಕೊಂಡರು. ಡಿಪೋದ ರೂಟುಗಳನ್ನು ನಂಬರಿನ ಪ್ರಕಾರ ಒಂದೊಂದಾಗಿ ಮುಗಿಸಬೇಕು, ಇದೇ ಅವರ ಪಣ. ಜೊತೆಗೆ ಇಬ್ಬರು ಹಳೆಯ ಗೆಳತಿಯರು: ಒಬ್ಬರು ಅದೇ ಡಿಪೋದ ಕಂಡಕ್ಟರಮ್ಮ, ಇನ್ನೊಬ್ಬರು ಅಲ್ಲಿಯ ಕ್ಯಾಂಟೀನು ನಡೆಸಿದವರು. ಪ್ರತಿ ಮಂಗಳವಾರ ಒಂದು ರೂಟಿನ ಕೊನೆಯ ಸ್ಟಾಪಿಗೆ ಹೋಗುವುದು, ಮಡಚುವ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನ ಚಹಾ ಕುಡಿಯುವುದು, ಆ ಊರನ್ನು ಮನಸಾರೆ ಬೈಯುವುದು, ವಾಪಸು ಬರುವುದು. "ಇದಕ್ಕಾ ಇಷ್ಟು ವರ್ಷ ಬಸ್ ಬಿಡ್ತಿದ್ರು!" ಎನ್ನದೆ ಅವರು ಯಾವ ಊರಿನಿಂದಲೂ ಮರಳಿದ್ದಿಲ್ಲ. ಆದರೂ ಮುಂದಿನ ಮಂಗಳವಾರಕ್ಕೆ ಸೋಮವಾರವೇ ತಯಾರು. ಇಪ್ಪತ್ತೇಳು ರೂಟು ಹೀಗೆ ಮುಗಿದವು. ಹದಿನಾರು ಬಾಕಿ.

ಆ ಕಾರಿಗೆ ಡಾಕ್ಟರು ಹಾಕಿಸಿದ್ದದ್ದು ರನ್‌ಫ್ಲಾಟ್ ಟೈರುಗಳು. ಅಂದರೆ ಪಕ್ಕೆಗಳು ಗಟ್ಟಿಯಾಗಿರುವ ಜಾತಿ. ಗಾಳಿ ಪೂರ್ತಿ ಹೋದರೂ ಕುಸಿಯದೆ ನಿಂತು, ಎಂಬತ್ತರ ವೇಗ ಮೀರದೆ ಓಡಿಸಿದರೆ ಇನ್ನೊಂದು ಎಂಬತ್ತು ಕಿಲೋಮೀಟರು ನಡೆಯುತ್ತವೆ. ಗಾಳಿ ಹೋಗಿದೆ ಎಂದು ತಿಳಿಸಲು ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ. ಅದನ್ನು ನೋಡಿ ಹತ್ತಿರದ ಅಂಗಡಿಗೆ ಹೋಗಬೇಕು, ಅಷ್ಟೇ. ಇಪ್ಪತ್ತೇಳನೇ ರೂಟಿಗೆ ಹೊರಟ ಬೆಳಗ್ಗೆ ಆ ದೀಪ ಹತ್ತಿತು. ಅತ್ತೆ ಇಳಿದರು, ಸುತ್ತಿಗೆ ತೆಗೆದು ನಾಲ್ಕೂ ಟೈರಿಗೆ ಬಡಿದರು. ಡಿಪೋದ ಲೆಕ್ಕದಲ್ಲಿ ಕೆಟ್ಟ ಟೈರೆಂದರೆ ಬೇರೆ ಸದ್ದು ಮಾಡುವ ಟೈರು. ಇಲ್ಲಿ ನಾಲ್ಕೂ ಒಂದೇ ಸದ್ದು. "ನಾಲ್ಕೂ ಒಂದೇ ಥರ ಇದೆ ಅಂದ್ರೆ ನಾಲ್ಕೂ ಸರಿ ಇದೆ. ದೀಪಕ್ಕೆ ತಲೆ ಕೆಟ್ಟಿದೆ" ಎಂದು ಹೊರಟೇಬಿಟ್ಟರು.

ಕೊನೆಯ ಸ್ಟಾಪು ಮುಟ್ಟಿ ವಾಪಸು ಬರುವಾಗ, ಒಟ್ಟು ನೂರಹತ್ತು ಕಿಲೋಮೀಟರು ಓಡಿದ ಮೇಲೆ, ಗಾಳಿ ಹೋಗಿದ್ದ ಟೈರು ಸೇತುವೆಯ ಇಳಿಜಾರಿನಲ್ಲಿ ಹರಿದು ಚೂರಾಯಿತು. ಕಾರು ಗಿರಕಿ ಹೊಡೆದು, ತಡೆಗೋಡೆಗೆ ಪಕ್ಕೆ ತಿಕ್ಕಿಕೊಂಡು ನಿಂತಿತು. ಸತ್ತದ್ದು ಫ್ಲಾಸ್ಕು ಒಂದೇ. ಫೋನು ಬಂದು ನಾನು ಹೋಗಿ ನೋಡಿದರೆ ಮೂವರೂ ರಸ್ತೆಬದಿಯ ಕಟ್ಟೆಯ ಮೇಲೆ ಕೂತು, ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ಮರೆತವರು ಯಾರು ಎಂದು ಜಗಳವಾಡುತ್ತಿದ್ದರು. ನಾನು ಆ ಚಕ್ರ ನೋಡಿದೆ. ಹರಿದ ಚಪ್ಪಲಿಯ ಹಾಗೆ ರಬ್ಬರು ನೇತಾಡುತ್ತಿತ್ತು. ತಡೆಗೋಡೆಯಾಚೆ ಕೆಳಗೆ ನೀರು.

ನನ್ನ ಹೆಂಡತಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ, ಮನೆಯಲ್ಲೂ ಅದೇ ಹುದ್ದೆ. ಅವತ್ತೇ ಕಾರಿನ ಕೀಲಿ ಕಿತ್ತುಕೊಂಡಳು.

"ಹೊಸ ಟೈರು ಹಾಕಿಸೋವರೆಗೂ ಇದು ನನ್ನ ಹತ್ರ ಇರತ್ತೆ. ಹಾಕಿಸೋದೂ ನಾನು ಹೇಳಿದ್ದೇ. ಒಪ್ಪಿಗೆ ಇಲ್ಲ ಅಂದ್ರೆ ಕಾರು ಮಾರೋಣ."

"ಮಾರೋಕೆ ಅದೇನು ನಿನ್ನಪ್ಪಂದಾ? ಇನ್ನೂ ಹದಿನಾರು ರೂಟು ಇದೆ ನಂಗೆ!"

"ರೂಟು ಮುಗಿಸ್ಬೇಕು ಅಂದ್ರೆ ರನ್‌ಫ್ಲಾಟೇ ಹಾಕಿಸ್ಬೇಕು."

"ಥೂ! ಹೆಣಕ್ಕೆ ಕೋಲು ಕಟ್ಟಿ ನಿಲ್ಲಿಸಿದ ಹಾಗಿರತ್ತೆ ಅದು. ಟೈರು ಸತ್ರೆ ಸತ್ತೆ ಅಂತ ಮಲಗ್ಬೇಕು ಕಣೆ, ಅದು ಮರ್ಯಾದೆ. ಮಾಮೂಲಿ ಟೈರು ಹಾಕ್ಸು. ಪಂಕ್ಚರ್ ಆದ್ರೆ ಎಲ್ಲಿ ಬೇಕಾದ್ರೂ ಹಾಕ್ಕೊಡ್ತಾರೆ. ಇದಕ್ಕೆ ತೇಪೆ ಹಾಕಿ ಅಂದ್ರೆ ಮುಖ ತಿರುಗಿಸ್ತಾರೆ, ಹೊಸದೇ ತಗೊಳ್ಳಿ ಅಂತಾರೆ."

"ಮಲಗಿದ ಮೇಲೆ ಜಾಕ್ ಹಾಕೋರು ಯಾರಮ್ಮ? ನಿನ್ನ ಮಂಡಿ ಬಗ್ಗಲ್ಲ. ಕಂಡಕ್ಟರಮ್ಮಂಗೆ ಸೊಂಟ ಇಲ್ಲ. ಸ್ಟೆಪ್ನಿ ಇಡೋಕೂ ಈ ಕಾರಲ್ಲಿ ಜಾಗ ಕೊಟ್ಟಿಲ್ಲ."

"ಡಿಕ್ಕೀಲಿ ಇಡ್ತೀನಿ."

"ಡಿಕ್ಕೀಲಿ ಮೂರು ಕುರ್ಚಿ ಇದಾವಲ್ಲ, ಅವುನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?"

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಗೊತ್ತಿದ್ದದ್ದು ಇಷ್ಟೇ: ಆ ರನ್‌ಫ್ಲಾಟುಗಳ ಮೇಲೆ ಕೂತು ಹೋದರೆ ರಸ್ತೆಯಲ್ಲಿ ಬಿದ್ದ ಕಾಸು ಯಾವ ಮಗ್ಗುಲಾಗಿ ಬಿದ್ದಿದೆ ಎಂದು ಸೊಂಟಕ್ಕೆ ತಿಳಿಯುತ್ತದೆ. ಬೆಲೆಯೂ ಜಾಸ್ತಿ. ಮಾಮೂಲಿಯಾದರೆ ಮೆತ್ತಗೆ ಹೋಗುತ್ತದೆ, ಆದರೆ ನಡುದಾರಿಯಲ್ಲಿ ಕೈಕೊಟ್ಟರೆ ಮೂರು ಮುದುಕಿಯರು ಬಿಸಿಲಲ್ಲಿ. ಎರಡೂ ಕಡೆಯ ಮಾತು ನಿಜವೇ. ನಾನು ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ನಾನು ತಪ್ಪಿಸಿಕೊಂಡದ್ದಕ್ಕೆ ಬೇರೆ ಕಾರಣವಿತ್ತು. ನಾನು ಕನ್ನಡಕದ ಅಂಗಡಿಯವನು. ದಿನಕ್ಕೆ ಹತ್ತು ಜನಕ್ಕೆ ನಿಮ್ಮ ಕಣ್ಣು ಹೋಗಿದೆ ಎಂದು ಹೇಳಿ ಹೊಟ್ಟೆ ಹೊರೆಯುತ್ತೇನೆ. ಬಂದವರೆಲ್ಲ ಮೊದಲು ಹೇಳುವುದು ಒಂದೇ ಮಾತು, "ಈಗಿನ ಪೇಪರ್ನೋರು ಅಕ್ಷರ ಸಣ್ಣಗೆ ಹಾಕ್ತಾರೆ." ಅತ್ತೆ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಕೌಂಟರಿನ ಪಕ್ಕ ಕೂತಿದ್ದರು. ಅವರ ಮೊಣಕೈ ಹತ್ತಿರವೇ ಫೋನು ಬಡಿದುಕೊಳ್ಳುತ್ತಿತ್ತು. ಅತ್ತೆ ನನ್ನ ಕಡೆ ಕನಿಕರದಿಂದ ನೋಡಿ, "ಪಾಪ, ವ್ಯಾಪಾರ ಡಲ್ಲು ಅನ್ಸತ್ತೆ ಅಳಿಯಂದ್ರೇ, ಒಂದು ಫೋನೂ ಬರಲ್ವಲ್ಲ" ಎಂದರು. ನನಗೆ ಅವತ್ತೇ ಗೊತ್ತಾಯಿತು. ಅದಾದ ಮೇಲೆ ಅವರು ಟೈರು ಒದ್ದು ತಲೆ ವಾರೆ ಮಾಡಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಕಣ್ಣು ಹೋಗಿದೆ ಎಂದರೆ ಜನ ದುಡ್ಡು ಕೊಡುತ್ತಾರೆ. ಸುತ್ತಿಗೆ ಮೇಡಂಗೆ ನಿಮ್ಮ ಕಿವಿ ಹೋಗಿದೆ ಎಂದರೆ ಏನು ಕೊಡುತ್ತಾರೆ ಎಂದು ಯೋಚಿಸಿ ಬಾಯಿ ಮುಚ್ಚಿಕೊಂಡೆ. ಹೇಡಿತನಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡೆ ಅಷ್ಟೇ.

ಶನಿವಾರ ಅತ್ತೆ, ನನ್ನ ಹೆಂಡತಿ, ನಾನು ಟೈರಿನ ಅಂಗಡಿಗೆ ಹೋದೆವು. ಕಾರನ್ನು ಮೊದಲೇ ಎಳೆಸಿ ಅಲ್ಲಿ ನಿಲ್ಲಿಸಿದ್ದೆವು. ಗೋಡೆಯುದ್ದಕ್ಕೂ ಟೈರಿನ ಗೋಪುರಗಳು, ಪಂಕ್ಚರ್ ನೋಡುವ ನೀರಿನ ತೊಟ್ಟಿ, ಮೂಲೆಯಲ್ಲಿ ಗಾಳಿಯ ಕಂಪ್ರೆಸರು. ಅಂಗಡಿಯವನು ಒಂದು ಕಾಲದಲ್ಲಿ ಡಿಪೋಗೆ ಹಳೆಯ ಟೈರು ಕೊಳ್ಳಲು ಬರುತ್ತಿದ್ದವನು. ಅತ್ತೆಯನ್ನು ಕಂಡೊಡನೆ ಕೈಯ ಮಸಿ ಒರೆಸಿಕೊಂಡು ಓಡಿ ಬಂದ.

"ಮೇಡಂ! ನೀವು ನಮ್ಮಂಗಡೀಗೆ! ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲಪ್ಪ. ರನ್‌ಫ್ಲಾಟು, ಮಾಮೂಲಿ, ಎರಡರಲ್ಲಿ ಯಾವುದು ಮೇಲು ಅಂತ ನನ್ನ ಮಗಳಿಗೆ ಹೇಳು."

ಅವನು ತಲೆ ಕೆರೆದುಕೊಂಡ. "ಎರಡರಲ್ಲೂ ಒಳ್ಳೇದಿದೆ ಮೇಡಂ. ನೀವು ಊರೊಳಗೇ ಓಡಾಡೋದಾದ್ರೆ ಮಾಮೂಲಿ ಹಾಕ್ಕೊಳ್ಳಿ, ಜೊತೇಗೆ ಗಾಳಿ ತುಂಬೋ ಸಣ್ಣ ಮಿಷಿನ್ನು ಇಟ್ಕೊಳ್ಳಿ. ದೂರ ಹೋಗ್ತೀರಿ, ಜೊತೇಲಿ ಗಂಡಸ್ರಿಲ್ಲ ಅಂದ್ರೆ ರನ್‌ಫ್ಲಾಟೇ ವಾಸಿ. ಆದ್ರೆ ದೀಪ ಹತ್ತಿದ್ರೆ ನಂಬ್ಬೇಕು. ಅದನ್ನ ನಂಬದೇ ಇರೋರಿಗೆ ರನ್‌ಫ್ಲಾಟ್ ಕೊಡಲೇಬಾರ್ದು."

"ಕೇಳಿದ್ಯಾ?" ಎಂದಳು ನನ್ನ ಹೆಂಡತಿ.

"ಕೇಳಿದೆ, ಕೇಳಿದೆ. ದೀಪ ನಂಬೋಕೆ ನಾನೇನು ಕುರುಡಿಯಾ? ನಂಗೆ ಕಿವಿ ಇದೆ. ರನ್‌ಫ್ಲಾಟ್ ಮೂಗ ಕಣೆ, ಅದು ತುಂಬಿದ್ರೂ ಖಾಲಿಯಾದ್ರೂ ಒಂದೇ ಸದ್ದು. ಮಾಮೂಲಿ ಟೈರು ಮಾತಾಡತ್ತೆ. ಈಗಲೇ ತೋರಿಸ್ತೀನಿ. ಏಯ್, ಎರಡು ಮಾಮೂಲಿ ಚಕ್ರ ನಿಲ್ಲಿಸು. ಒಂದರಲ್ಲಿ ಗಾಳಿ ಇರ್ಲಿ, ಒಂದರಲ್ಲಿ ಬೇಡ. ನಾನು ಗೋಡೆ ಕಡೆ ತಿರುಗಿ ನಿಂತ್ಕೋತೀನಿ. ನೀನು ಬಡಿ, ನಾನು ಹೇಳ್ತೀನಿ. ತಪ್ಪಿದ್ರೆ ನಿನ್ನಿಷ್ಟದ ಟೈರು ಹಾಕ್ಸು ಕಣೆ. ಕೀಲೀನೂ ನೀನೇ ಇಟ್ಕೋ, ಮತ್ತೆ ಕೇಳಿದ್ರೆ ನನ್ನ ಹೆಸರೇ ಬೇರೆ!"

ನಾನು ಆಗಲೇ ತಡೆಯಬೇಕಿತ್ತು. "ಬೇಡ ಅತ್ತೆ, ಈ ಸೆಕೆಯಲ್ಲಿ..." ಎಂದು ಏನೋ ತೊದಲಿದೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ, ನಿಜಕ್ಕೂ ಕೇಳಿಸಲಿಲ್ಲವೋ ಏನೋ. ಗೋಡೆಯ ಕಡೆ ಮುಖ ಮಾಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಲೆ ವಾರೆ ಮಾಡಿ ನಿಂತರು. ಮೂವತ್ತೊಂದು ವರ್ಷ ಹಾಗೆಯೇ ನಿಂತಿದ್ದಿರಬೇಕು.

ಅಂಗಡಿಯವನು ಗಾಳಿ ತುಂಬಿದ ಚಕ್ರಕ್ಕೆ ಸುತ್ತಿಗೆಯಿಂದ ಒಂದು ಏಟು ಹಾಕಿದ. ಟಣ್ಣೆಂದಿತು. ಟೈರಿನ ವಿಷಯದಲ್ಲಿ ಕತ್ತೆಗಿಂತ ಕಡೆಯಾದ ನನಗೂ ತುಂಬಿದೆ ಎಂದು ಗೊತ್ತಾಯಿತು.

ಅತ್ತೆ ತಡಮಾಡಿದರು. "ಇನ್ನೊಂದು ಸಲ."

ಮತ್ತೆ ಹೊಡೆದ. ಮತ್ತೆ ಟಣ್.

"ಇದರಲ್ಲಿ ಗಾಳಿ ಇಲ್ಲ" ಎಂದರು ಅತ್ತೆ.

ಅಂಗಡಿಯವನ ಸುತ್ತಿಗೆ ಹಾಗೇ ನಿಂತಿತು. ನನ್ನ ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಸರಿಯಾಗಿ ಹೇಳಿದ್ರಿ ಮೇಡಂ. ನಿಮ್ಮ ಕಿವಿ ಅಂದ್ರೆ ಕಿವಿ" ಎಂದ.

ಅತ್ತೆ ತಿರುಗಿ ಗೆದ್ದ ನಗೆ ನಕ್ಕರು. ನನ್ನ ಹೆಂಡತಿ, ಕೀಲಿ ಕೊಡುವುದಿಲ್ಲವೆಂದು ವಾರವಿಡೀ ಹಾರಾಡಿದವಳು, ನೆಲ ನೋಡುತ್ತಾ ಕೈಚೀಲದಿಂದ ಕೀಲಿ ತೆಗೆದು ನೀಡಿದಳು. ಗೆದ್ದವಳು ತಾನೇ ಆಗಿದ್ದರೂ ಆಡಿ ತೋರಿಸಲು ಅವಳಿಗೂ ಬಾಯಿ ಬರಲಿಲ್ಲ. ನನಗೆ ಸೇತುವೆಯ ತಡೆಗೋಡೆ ನೆನಪಾಯಿತು. ಅದರ ಕೆಳಗಿನ ನೀರು ನೆನಪಾಯಿತು. ಇಡೀ ಊರೇ ಸೇರಿ ಈ ಹೆಂಗಸನ್ನು ಮರ್ಯಾದೆಯಿಂದ ಕೊಂದುಹಾಕುತ್ತೇವಲ್ಲ ಎಂದು ಮೈಯೆಲ್ಲ ಉರಿಯಿತು.

"ತಪ್ಪು, ಅತ್ತೆ" ಎಂದೆ. ಎಷ್ಟು ಗಟ್ಟಿಯಾಗಿ ಎಂದರೆ ಪಕ್ಕದಂಗಡಿಯವನು ಇಣುಕಿ ನೋಡಿದ. "ಇವನು ಸುಳ್ಳು ಹೇಳ್ದ. ಆ ಟೈರು ತುಂಬಿದೆ. ಸದ್ದು ನಂಗೂ ಕೇಳ್ಸ್ತು, ನಿಮ್ಮ ಮಗಳಿಗೂ ಕೇಳ್ಸ್ತು. ನಿಮಗೆ ಕೇಳಿಸ್ಲಿಲ್ಲ."

ಅತ್ತೆ ಅಂಗಡಿಯವನನ್ನು ನೋಡಿದರು. ಅವನು ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅತ್ತೆ ನಿಧಾನವಾಗಿ ನಡೆದು ಬಂದು ಆ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಗಲಿಲ್ಲ.

"ಯಾವಾಗಿಂದ ಗೊತ್ತು ನಿಮಗೆ?"

"ಎರಡು ವರ್ಷ ಆಯ್ತು."

"ಎರಡು ವರ್ಷ." ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು: "ಒಳಗಿನ ಟೈರು ಸತ್ತಿದೆ ಅಂತ ಗೊತ್ತಿದ್ದೂ ನಾನು ಒಂದೇ ಒಂದು ಬಸ್ಸಿಗೆ ಹೋಗಲಿ ಅಂದಿದ್ರೆ, ನನ್ನ ಕೆಲಸದಿಂದ ತೆಗೀತಿದ್ರು. ತೆಗೀಲೇಬೇಕಿತ್ತು. ಎರಡು ವರ್ಷ ನೀವು ನಂಗೆ ಹೋಗಲಿ, ಹೋಗಲಿ ಅಂದಿದೀರಿ. ಆ ಕಾರಲ್ಲಿ ಮೂರು ಜನ ಕೂತಿದ್ವಿ, ಅಳಿಯಂದ್ರೇ."

ನಾಚಿಕೆಯಿಂದ ಅಳು ಬಂತು. ಟೈರಿನ ಅಂಗಡಿಯಲ್ಲಿ ನಲವತ್ತೇಳು ವರ್ಷದ ಗಂಡಸು ಅತ್ತರೆ ಏನು ಚಂದ, ಆದರೂ ಬಂತು.

"ರನ್‌ಫ್ಲಾಟೇ ಹಾಕಪ್ಪ, ನಾಲ್ಕೂ" ಎಂದರು ಅತ್ತೆ ಅಂಗಡಿಯವನಿಗೆ. ಮಗಳ ಕೈಗೆ ಕೀಲಿ ವಾಪಸು ಕೊಟ್ಟರು. "ತಪ್ಪಿದ್ರೆ ಇಟ್ಕೋ ಅಂದಿದ್ದೆ. ಇಟ್ಕೋ."

ಟೈರು ಹಾಕುವುದು ಸಂಜೆಯಾಗುತ್ತದೆ ಎಂದ ಅಂಗಡಿಯವನು. ನಾವು ಮನೆಗೆ ಬಸ್ಸಿನಲ್ಲಿ ಹೊರಟೆವು. ಸ್ಟಾಪಿಗೆ ಬಸ್ಸು ಬಂದು ನಿಂತಾಗ ಅತ್ತೆ ಅದರ ಟೈರಿನ ಕಡೆ ನೋಡದೆ ನೇರವಾಗಿ ಹತ್ತಿಬಿಟ್ಟರು. ನನ್ನ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಮನೆಯವರೆಗೂ ಮೂಗೊರೆಸುತ್ತಲೇ ಬಂದಳು.

ಅತ್ತೆ ಆಡಿದ ಮಾತಿನಂತೆ ಕೀಲಿ ಕೇಳಲಿಲ್ಲ. ಎರಡು ಮಂಗಳವಾರ ಸುಮ್ಮನೆ ಕಳೆದವು. ಮೊದಲನೆಯ ಮಂಗಳವಾರ ನಮ್ಮ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದರು. ಎರಡನೆಯದರಲ್ಲಿ ನನ್ನ ಅಂಗಿಗಳ ಗುಂಡಿ ಎಣಿಸಿ ವರದಿ ಕೊಟ್ಟರು. ಕಿವಿಯ ಡಾಕ್ಟರ ಹತ್ತಿರ ತಾವೇ ಹೋಗಿ ಬಂದರು. ಎರಡೂ ಕಿವಿಗೆ ಮಿಷಿನ್ನು ಬೇಕು, ಬರುವುದಕ್ಕೆ ತಿಂಗಳಾಗುತ್ತದೆ ಎಂದು ಚೀಟಿ ಬರೆದುಕೊಟ್ಟಿದ್ದರು. ಅದನ್ನು ಬಾಯಲ್ಲಿ ಹೇಳದೆ ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟು ಹೋದರು.

ಸೋಮವಾರ ಮೂವರೂ ಊಟಕ್ಕೆ ಕೂತಾಗ ನನ್ನ ಹೆಂಡತಿ ತಟ್ಟೆ ಸರಿಸಿ ಕೇಳಿದಳು, "ಅಮ್ಮನ ಕಣ್ಣು ಹೇಗಿದೆ ರೀ?"

"ಹದ್ದಿನ ಕಣ್ಣು. ಹೋದ ತಿಂಗಳು ನೋಡಿದೀನಿ, ಕೊನೇ ಸಾಲೂ ಓದಿದ್ರು. ಅದರ ಕೆಳಗೆ ಅಚ್ಚು ಹಾಕಿದೋರ ವಿಳಾಸಾನೂ ಓದಿದ್ರು."

"ದೀಪ ನೋಡೋಕೆ ಕಿವಿ ಯಾಕೆ?" ಎಂದು ಎದ್ದು ಹೋಗಿ, ಕೀಲಿಯನ್ನು ಅಮ್ಮನ ತಟ್ಟೆಯ ಪಕ್ಕ ಇಟ್ಟಳು. ಷರತ್ತು ಎರಡೇ. ದೀಪ ಹತ್ತಿದರೆ ಬಡಿಯದೆ, ಒದೆಯದೆ, ವಾದ ಮಾಡದೆ ಹತ್ತಿರದ ಅಂಗಡಿಗೆ ಹೋಗಬೇಕು. ಮಿಷಿನ್ನು ಬರುವವರೆಗೆ ಹಾರನ್ನು ಕೇಳಿಸಿಕೊಳ್ಳಲು ಪಕ್ಕದ ಸೀಟಿನಲ್ಲಿ ನಾನು ಕೂರಬೇಕು. ಮಂಗಳವಾರ ನನ್ನ ಅಂಗಡಿಗೆ ರಜ ಎಂದು ಅವತ್ತು ನನಗೂ ಗೊತ್ತಾಯಿತು.

ಮಾರನೆ ದಿನ ಇಪ್ಪತ್ತೆಂಟನೇ ರೂಟು. ಕಂಡಕ್ಟರಮ್ಮ, ಕ್ಯಾಂಟೀನಿನಮ್ಮ ಹಿಂದೆ ಹತ್ತಿ ಕೂತರು. ಅತ್ತೆ ಕೀಲಿ ತಿರುಗಿಸಿದರು, ಹಳದಿ ದೀಪ ಒಮ್ಮೆ ಹತ್ತಿ ಆರಿತು. ಅದು ಆರುವವರೆಗೂ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಗೇರು ಹಾಕುವ ಬದಲು ಹಿಂದಕ್ಕೆ ತಿರುಗಿದರು.

"ನಂಗೆ ಕಿವಿ ಕೇಳಲ್ಲ ಅಂತ ನಿಮಗೂ ಗೊತ್ತಿತ್ತೇನ್ರೇ?"

"ಮೂರು ವರ್ಷದಿಂದ!" ಎಂದು ಕಂಡಕ್ಟರಮ್ಮ ಇಡೀ ಬಸ್ಸಿಗೆ ಕೇಳಿಸುವ ದನಿಯಲ್ಲಿ ಕೂಗಿದರು.

"ಗೊತ್ತಿದ್ದೂ ನನ್ನ ಕಾರು ಹತ್ತಿದ್ರಾ? ಆ ಸೇತುವೆ ಮೇಲೆ ಸತ್ತೇ ಹೋಗಿದ್ರೆ?"

ಕ್ಯಾಂಟೀನಿನಮ್ಮ ಮಡಿಲಲ್ಲಿದ್ದ ಹೊಸ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, ತಲೆ ಎತ್ತದೆ ಏನೋ ಗೊಣಗಿದರು. ಅತ್ತೆಗೆ ಕೇಳಿಸಲಿಲ್ಲ.

"ಏನಂದ್ಲು ಅವಳು?" ಎಂದು ನನ್ನನ್ನು ಕೇಳಿದರು.

ಏನಿಲ್ಲ ಅತ್ತೆ, ಹೊರಡೋಣ ಅಂತಿದ್ದಾರೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರ ಕಿವಿಯ ಹತ್ತಿರ ಬಗ್ಗಿ, ಒಂದು ಅಕ್ಷರವೂ ಬಿಡದೆ ಗಟ್ಟಿಯಾಗಿ ಹೇಳಿದೆ.

"'ನಮ್ಮನ್ನ ಕರ್ಕೊಂಡು ಹೋಗೋರು ಇನ್ಯಾರಿದ್ದಾರೆ' ಅಂದ್ರು, ಅತ್ತೆ."

ಅತ್ತೆ ಮುಂದಕ್ಕೆ ತಿರುಗಿದರು. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಆರಿದ ದೀಪವನ್ನು ಇನ್ನೊಮ್ಮೆ ನೋಡಿದರು.

"ಬೆಲ್ಟ್ ಹಾಕ್ಕೊಳ್ಳೋಕೆ ಹೇಳಿ ಅವರಿಗೆ" ಎಂದು ಗೇರು ಹಾಕಿದರು.